ಒಂದು ಇಂಚಿಗೆ ಒಂದು ಅಡಿ

ನಿಮ್ಮ ಮನೆಯ ಅಂಗಳದಲ್ಲೋ, ಕಟ್ಟೆಯ ಮೇಲೋ, ಅಜ್ಜಿಯ ಊರಿನ ಅಡುಗೆಮನೆಯಲ್ಲೋ ಬೂದು ಬಣ್ಣದ ಚಪ್ಪಟೆ ಕಲ್ಲು ಹಾಸಿದ್ದರೆ ಅದು ನಮ್ಮ ಕಡೆಯಿಂದ ಬಂದದ್ದೇ ಇರಬೇಕು. ಪೇಟೆಯಲ್ಲಿ ಅದಕ್ಕೆ ಶಹಾಬಾದ್ ಕಲ್ಲು ಎನ್ನುತ್ತಾರೆ. ನಾವು ಫರಸಿ ಎನ್ನುತ್ತೇವೆ. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ನೆಲದಡಿ ಸುಣ್ಣದಕಲ್ಲು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಮಲಗಿದೆ. ಹಾಳೆಯಾಗಿ ಎದ್ದದ್ದು ಫರಸಿ, ಪುಡಿಯಾದದ್ದು ಸಿಮೆಂಟು. ಅದಕ್ಕೇ ಈ ಊರುಗಳಲ್ಲಿ ಒಂದು ಕಡೆ ಕಲ್ಲಿನ ಗಣಿ, ಇನ್ನೊಂದು ಕಡೆ ಸಿಮೆಂಟ್ ಕಾರ್ಖಾನೆಯ ಚಿಮಣಿ. ಚಿಂಚೋಳಿಯ ಕಡೆ ಹೋದರೆ ಮಾತ್ರ ನೋಟ ಬದಲಾಗುತ್ತದೆ: ಕಾಡು, ಗುಡ್ಡ, ಚಂದ್ರಂಪಳ್ಳಿ ಕೆರೆಯ ನೀರು, ನಡುನಡುವೆ ಲಂಬಾಣಿ ತಾಂಡಾಗಳು.

ಕಲ್ಲು ಸುಲಭವಾಗಿ ಸಿಗುವ ಊರಲ್ಲಿ ಮೆಟ್ಟಿಲಿಗೆ ಬರವಿಲ್ಲ. ಮನೆಗೆ ಮೂರು ಮೆಟ್ಟಿಲು, ಅಂಗಡಿಗೆ ನಾಲ್ಕು, ಸಾಲಿಗೆ ಐದು, ಗುಡಿಗೆ ಹತ್ತು. ಮೆಟ್ಟಿಲು ಹತ್ತಬಲ್ಲವರಿಗೆ ಅವು ಕಣ್ಣಿಗೇ ಬೀಳುವುದಿಲ್ಲ. ನಾನು ಈ ಭಾಗದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ. ಈ ಲೇಖನಕ್ಕಾಗಿ ಐದು ಊರುಗಳನ್ನು ಸುತ್ತಿ, ಅಂಗವಿಕಲತೆ ಇರುವವರ ಜೊತೆ, ಅವರ ಮನೆಯವರ ಜೊತೆ, ಅವರಿಗಾಗಿ ಓಡಾಡುವವರ ಜೊತೆ ಕೂತು ಬಂದೆ. ಗಣಿತದವನಾದ್ದರಿಂದ ಮೊದಲು ಒಂದು ಲೆಕ್ಕದಿಂದಲೇ ಶುರು ಮಾಡುತ್ತೇನೆ, ಬೇಸರಪಡಬೇಡಿ.

ಗಾಲಿಕುರ್ಚಿ ಮೆಟ್ಟಿಲು ಹತ್ತುವುದಿಲ್ಲ, ಅದಕ್ಕೆ ಇಳಿಜಾರು ಬೇಕು. ಎಷ್ಟು ಉದ್ದದ ಇಳಿಜಾರು? ನಮ್ಮ ದೇಶದ ಕಟ್ಟಡ ನಿಯಮಗಳು ಹೇಳುವ ಪ್ರಮಾಣ 1:12. ಅಂದರೆ ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಆರು ಇಂಚಿನ ಒಂದೇ ಒಂದು ಮೆಟ್ಟಿಲಿದ್ದರೆ ಆರು ಅಡಿ. ನಾಲ್ಕು ಮೆಟ್ಟಿಲಿದ್ದರೆ 24 ಅಡಿ. ಇದಕ್ಕಿಂತ ಕಡಿದಾದರೆ ಕೂತವರು ತಮ್ಮ ಕೈಬಲದಿಂದ ಮೇಲೇರಲಾರರು, ಇಳಿಯುವಾಗ ಕುರ್ಚಿ ಮುಂದಕ್ಕೆ ಮುಗ್ಗರಿಸುತ್ತದೆ. ನಾಳೆ ಸಾಲಿಗೆ ಹೋದಾಗ ಒಂದು ಟೇಪು ಹಿಡಿದು ನಿಮ್ಮ ಸಾಲಿಯ ಇಳಿಜಾರನ್ನು ಅಳೆದು ನೋಡಿ. ನಾನು ಕಂಡ ಒಂದು ಇಳಿಜಾರು ಎರಡು ಅಡಿ ಎತ್ತರಕ್ಕೆ ಆರು ಅಡಿ ಉದ್ದವಿತ್ತು. ಅದು ಜಾರುಬಂಡಿ. ಮಕ್ಕಳು ಅದನ್ನು ಹಾಗೆಯೇ ಬಳಸುತ್ತಿದ್ದರು ಕೂಡ. ಇನ್ನೊಂದು ಊರಲ್ಲಿ ಇಳಿಜಾರು ಅಳತೆಗೆ ಸರಿಯಾಗಿತ್ತು, ಆದರೆ ಅದು ಇಳಿದು ಮುಗಿಯುವಲ್ಲಿ ಬಾಯಿ ತೆರೆದ ಚರಂಡಿ!

ಶಹಾಬಾದಿನಲ್ಲಿ ಒಂದು ಮನೆಯ ಇಳಿಜಾರನ್ನು ಮಾತ್ರ ಸಮಾಧಾನದಿಂದ ನೋಡಿದೆ. ಆ ಮನೆಯ ಯಜಮಾನ ಗಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದವರು. ಮೇಲಿನಿಂದ ಕಲ್ಲು ಉರುಳಿ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ. ದವಾಖಾನೆಯಿಂದ ಮನೆಗೆ ಬಂದವರು ಒಳಕೋಣೆಯಲ್ಲೇ ಎರಡು ವರ್ಷ ಮಲಗಿದ್ದರು. ಒಂದೇ ಮಗ್ಗುಲಲ್ಲಿ ಮಲಗಿದರೆ ಚರ್ಮ ಕೊಳೆತು ಹುಣ್ಣಾಗುತ್ತದೆ, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಮನೆಯವರಿಗೆ ಗೊತ್ತಾದದ್ದೇ ಹುಣ್ಣಾದ ಮೇಲೆ. ಆಮೇಲೆ ಗಾಲಿಕುರ್ಚಿ ಬಂತು. ಬಂದ ಕುರ್ಚಿ ಆರು ತಿಂಗಳು ಪಡಸಾಲೆಯಲ್ಲೇ ನಿಂತಿತ್ತು. ಕಟ್ಟೆ ಎರಡು ಅಡಿ ಎತ್ತರ, ಮುಂದಿನ ಓಣಿ ಹತ್ತೇ ಅಡಿ ಅಗಲ.

ಜೊತೆಗೆ ಗಣಿಯಲ್ಲಿ ದುಡಿದ ನಾಲ್ವರು ಗೆಳೆಯರು ಒಂದು ರವಿವಾರ ಬಂದು ನಿಂತರು. ಎರಡು ಅಡಿಗೆ 24 ಅಡಿ ಇಳಿಜಾರು ಬೇಕು. ಓಣಿಗೆ ಅಡ್ಡ ಹಾಕಿದರೆ ಎದುರು ಮನೆಗೇ ಹೊಗುತ್ತದೆ. ಗೋಡೆಗುಂಟ ಹನ್ನೆರಡು ಅಡಿ ಇಳಿಸಿ, ಕುರ್ಚಿ ತಿರುಗಲು ಐದು ಅಡಿ ಚೌಕದ ಸಮತಟ್ಟು ಬಿಟ್ಟು, ಮತ್ತೆ ಹನ್ನೆರಡು ಅಡಿ ಇಳಿಸಬೇಕು. ಆ ಎರಡನೆಯ ಹನ್ನೆರಡು ಅಡಿ ಪಕ್ಕದ ಮನೆಯ ಗೋಡೆಗೆ ತಾಗುತ್ತದೆ. ಪಕ್ಕದ ಮನೆಯ ಮುದುಕಿ ಅಲ್ಲಿ ಕಟ್ಟಿಗೆ ಒಟ್ಟುತ್ತಿದ್ದಳು. ಕೇಳಲು ಹೋದವರಿಗೆ ಆಕೆ ಹೇಳಿದ್ದನ್ನು ಅವರು ನನಗೆ ನಗುತ್ತ ಹೇಳಿದರು: “ನನ್ನ ಕಟ್ಟಿಗಿ ಜಾಗ ಹೋಗ್ತದ. ಹೋಗ್ಲಿ ಬಿಡ್ರಿ. ನನಗೂ ಮೊಳಕಾಲು ನೋವು ಅದ, ನಾನೂ ಅದರ ಮ್ಯಾಲೇ ಬರ್ತೀನಿ.”

ಕಲ್ಲಿಗೆ ದುಡ್ಡು ಕೊಡಬೇಕಾಗಲಿಲ್ಲ, ಅಂಚು ಮುರಿದ ಫರಸಿ ಗಣಿಯ ಬದಿಯಲ್ಲಿ ರಾಶಿ ಬಿದ್ದಿತ್ತು. ಆದರೆ ಫರಸಿ ನುಣುಪು, ಮಳೆ ಬಂದರೆ ಜಾರುತ್ತದೆ. ಗೆಳೆಯರು ಉಳಿಯಿಂದ ಅಡ್ಡಡ್ಡ ಗೀರು ಹಾಕಿದರು. ಇದನ್ನು ಯಾವ ಇಂಜಿನಿಯರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಈಗ ಆ ಯಜಮಾನರು ದಿನಾ ಸಂಜೆ ಓಣಿಯ ತುದಿಯ ಚಹಾದಂಗಡಿಗೆ ತಾವೇ ಹೋಗುತ್ತಾರೆ. ಮುದುಕಿಯೂ ಇಳಿಜಾರಿನಲ್ಲೇ ಬರುತ್ತಾಳೆ. ಓಣಿಯ ಹುಡುಗರು ಸೈಕಲ್ಲು ಇಳಿಸುತ್ತಾರೆ, ಬೈಸಿಕೊಳ್ಳುತ್ತಾರೆ.

ಇಂಥವರು ಎಷ್ಟು ಮಂದಿ ಇದ್ದಾರೆ ಎಂದು ಮಕ್ಕಳು ಕೇಳುತ್ತಾರೆ. 2011ರ ಜನಗಣತಿಯಲ್ಲಿ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಜನ ಎಂದು ಲೆಕ್ಕ ಸಿಕ್ಕಿತು. ಆಗ ಚಾಲ್ತಿಯಲ್ಲಿದ್ದ 1995ರ ಕಾಯ್ದೆ ಏಳು ಬಗೆಯ ಅಂಗವಿಕಲತೆಯನ್ನು ಮಾತ್ರ ಗುರುತಿಸುತ್ತಿತ್ತು. 2016ರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿತು. 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. ಕುಬ್ಜತೆ, ಆಟಿಸಂ, ಕಲಿಕೆಯ ತೊಡಕು, ಥಲಸ್ಸೇಮಿಯಾ, ಸಿಕಲ್ ಸೆಲ್, ಪಾರ್ಕಿನ್ಸನ್, ಆ್ಯಸಿಡ್ ದಾಳಿಗೆ ತುತ್ತಾದವರು, ಎಲ್ಲ ಅದರೊಳಗೆ ಬಂದರು. ಕಣ್ಣಿಗೆ ಕಾಣದ ತೊಂದರೆಯೂ ತೊಂದರೆಯೇ ಎಂದು ಕಾನೂನು ಒಪ್ಪಿಕೊಂಡಿತು. ಸರ್ಕಾರಿ ನೌಕರಿಯಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿ, ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವಿಕಲತೆ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಇವೆಲ್ಲ ಆ ಕಾಯ್ದೆಯಲ್ಲಿವೆ. ಇನ್ನೊಂದು ಮಾತೂ ಇದೆ, ಅದನ್ನು ದೊಡ್ಡವರು ಗಮನಿಸಬೇಕು: ಅಂಗವಿಕಲ ವ್ಯಕ್ತಿಯನ್ನು ನಾಲ್ಕು ಜನರೆದುರು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ ಜೈಲು ಶಿಕ್ಷೆ. ನಮ್ಮ ಊರುಗಳಲ್ಲಿ ‘ಕುಂಟ’, ‘ಕುರುಡ’, ‘ಮೂಗ’ ಎನ್ನುವುದು ಬೈಗುಳವೂ ಹೌದು, ಅಡ್ಡಹೆಸರೂ ಹೌದು. ಎಷ್ಟೋ ಸಲ ಮತದಾರರ ಪಟ್ಟಿಯ ಹೆಸರು ಹೇಳಿದರೆ ಮನೆ ತೋರಿಸುವವರಿಲ್ಲ, ಅಡ್ಡಹೆಸರು ಹೇಳಿದರೆ ತಕ್ಷಣ ತೋರಿಸುತ್ತಾರೆ.

ಕಾನೂನು ದಿಲ್ಲಿಯಲ್ಲಿ ಆಯಿತು. ಅದು ಚಿಂಚೋಳಿಯ ತಾಂಡಾಕ್ಕೆ ಹೇಗೆ ತಲುಪಬೇಕು?

ಅದಕ್ಕೆ ನಮ್ಮ ರಾಜ್ಯದಲ್ಲಿ ಒಂದು ಒಳ್ಳೆಯ ಏರ್ಪಾಡು ಇದೆ. ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಊರಿನವರ ಬಾಯಲ್ಲಿ ‘ವಿ.ಆರ್.ಡಬ್ಲ್ಯೂ.’, ಪಟ್ಟಣಗಳಿಗೆ ನಗರ ಪುನರ್ವಸತಿ ಕಾರ್ಯಕರ್ತರು, ಇವರೆಲ್ಲರಿಗೂ ತಾಲ್ಲೂಕು ಮಟ್ಟದಲ್ಲಿ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಇದರ ವಿಶೇಷ ಏನೆಂದರೆ ಈ ಕೆಲಸಕ್ಕೆ ಅಂಗವಿಕಲತೆ ಇರುವವರನ್ನೇ ತೆಗೆದುಕೊಳ್ಳುತ್ತಾರೆ. ಹಾದಿ ಗೊತ್ತಿದ್ದವರೇ ಹಾದಿ ತೋರಿಸಲಿ ಎಂಬ ಲೆಕ್ಕ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಕಾಯಂ ಮಾಡಿರಿ, ಹೆಚ್ಚಿಸಿರಿ ಎಂದು ಅವರು ಧರಣಿ ಕೂರುತ್ತಲೇ ಬಂದಿದ್ದಾರೆ. ಬೇರೆಯವರ ಹಕ್ಕಿನ ಅರ್ಜಿ ತುಂಬುವವರು ತಮ್ಮ ಅರ್ಜಿಯನ್ನೂ ಹಿಡಿದು ನಿಲ್ಲಬೇಕಾಗಿದೆ.

ಚಿಂಚೋಳಿ ತಾಲ್ಲೂಕಿನ ಇಂಥ ಒಬ್ಬರ ಜೊತೆ ಒಂದು ಇಡೀ ದಿನ ತಿರುಗಿದೆ. ವಯಸ್ಸು ನಲವತ್ತರ ಮೇಲೆ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲು ಸಣ್ಣಗಾಯಿತು. (ಮಕ್ಕಳೇ, ನೀವು ಪೋಲಿಯೊ ಕಂಡವರಲ್ಲ. ನಮ್ಮ ದೇಶದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರಲ್ಲಿ ಭಾರತ ಪೋಲಿಯೊಮುಕ್ತ ಎಂದು ಘೋಷಣೆಯಾಯಿತು. ನಿಮ್ಮ ಬಾಯಿಗೆ ಬಿದ್ದ ಎರಡು ಹನಿಯ ಪುಣ್ಯ ಅದು.) ಅವರ ಸ್ಕೂಟರಿನ ಹಿಂದಿನ ಗಾಲಿಗೆ ಆಚೀಚೆ ಎರಡು ಗಾಲಿ ಹೆಚ್ಚುವರಿ. ಮುಂದೆ ನೇತುಬಿದ್ದ ಚೀಲದಲ್ಲಿ ಫೈಲುಗಳು, ಅಂಗೈ ಅಗಲದ ಅಂಟಿನ ಬಾಟಲಿ, ಪಾಸ್‌ಪೋರ್ಟ್ ಅಳತೆಯ ಫೋಟೊಗಳ ಲಕೋಟೆ.

“ಮೊದಲ ಮಂದಿ ನನಗ ಕುಂಟ ಅಂತಿದ್ರು ಸರ್. ಈಗ ಫೈಲ್ ಸಾಹೇಬ್ರು ಅಂತಾರ,” ಎಂದರು. ಹೆಮ್ಮೆಯಿಂದಲೇ ಹೇಳಿದರು.

ಅವರ ಕೆಲಸದ ಬಹುಪಾಲು ಒಂದು ಕಾರ್ಡಿನ ಸುತ್ತ ಸುತ್ತುತ್ತದೆ. ಯು.ಡಿ.ಐ.ಡಿ. ಎಂಬ ಗುರುತಿನ ಚೀಟಿ ಅದು. ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಪಟ್ಟಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲಾದರೆ ನೀಲಿ. ಪಿಂಚಣಿ, ಬಸ್ ಪಾಸು, ವಿದ್ಯಾರ್ಥಿವೇತನ, ರೈಲಿನ ರಿಯಾಯಿತಿ, ಸಾಧನ ಸಲಕರಣೆ, ಯಾವುದಕ್ಕೇ ಹೋದರೂ ಮೊದಲು ಕೇಳುವುದು ಈ ಕಾರ್ಡು. ಅರ್ಜಿಯನ್ನು ಕಂಪ್ಯೂಟರಿನಲ್ಲಿ ಹಾಕಬೇಕು, ಆಮೇಲೆ ವೈದ್ಯರು ನೋಡಿ ಪ್ರಮಾಣ ಬರೆಯಬೇಕು. ಕೈಕಾಲಿನದಾದರೆ ಕಣ್ಣಿಗೆ ಕಾಣುತ್ತದೆ. ಕಿವಿ, ಬುದ್ಧಿಮಟ್ಟ, ಮನಸ್ಸಿನ ಕಾಯಿಲೆಗಳಿಗೆ ಪರೀಕ್ಷೆ ಬೇಕು, ಪರೀಕ್ಷೆಗೆ ಯಂತ್ರ ಮತ್ತು ತಜ್ಞರು ಬೇಕು, ಅದಕ್ಕೆ ಹೆಚ್ಚಾಗಿ ಕಲಬುರಗಿಗೇ ಹೋಗಬೇಕು. ಚಿಂಚೋಳಿಯಿಂದ ಬಸ್ಸಿನಲ್ಲಿ ಎರಡು ತಾಸಿಗೂ ಮಿಕ್ಕಿದ ದಾರಿ. ಕೂಲಿಗೆ ಹೋಗುವವರಿಗೆ ಒಂದು ದಿನದ ದುಡಿಮೆ ಹೋಯಿತು, ಜೊತೆಗೆ ಬರುವವರದೂ ಹೋಯಿತು.

ಆ ದಿನ ನಾವು ಹೋದ ತಾಂಡಾದಲ್ಲಿ ಎಂಟು ವರ್ಷದ ಒಬ್ಬ ಹುಡುಗಿ ಇದ್ದಳು. ಅವಳಿಗೆ ಕೇಳಿಸುವುದಿಲ್ಲ, ಅದರಿಂದ ಮಾತೂ ಬಂದಿಲ್ಲ. ಅಪ್ಪ ಅವ್ವ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ, ಅವಳು ಅಜ್ಜಿಯ ಹತ್ತಿರ. “ಅವರಪ್ಪನೂ ತಡಾ ಮಾಡೇ ಮಾತಾಡಿದ್ದ, ಇಕಿನೂ ಮಾತಾಡ್ತಾಳ ಅಂತ ದಾರಿ ನೋಡಿದ್ವಿ,” ಎಂದಳು ಅಜ್ಜಿ. ದಾರಿ ನೋಡುತ್ತ ನೋಡುತ್ತ ಎಂಟು ವರ್ಷ. ಹುಟ್ಟಿದ ಮೊದಲ ತಿಂಗಳಲ್ಲೇ ಕೂಸಿನ ಕಿವಿ ಪರೀಕ್ಷಿಸಬಹುದು. ಚಪ್ಪಾಳೆಗೆ ಬೆಚ್ಚದ, ಕರೆದರೆ ತಿರುಗದ ಕೂಸನ್ನು ಬೇಗ ತೋರಿಸಿದರೆ ಶ್ರವಣ ಸಾಧನ, ಮಾತಿನ ತರಬೇತಿ, ಕೆಲವರಿಗೆ ಶಸ್ತ್ರಚಿಕಿತ್ಸೆ, ಎಲ್ಲದಕ್ಕೂ ಫಲ ಹೆಚ್ಚು. ಮೈಸೂರಿನಲ್ಲಿ 1965ರಿಂದ ಇದಕ್ಕೆಂದೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆದರೆ ಮೈಸೂರು ಎಲ್ಲಿ, ಚಿಂಚೋಳಿ ಎಲ್ಲಿ.

ಹುಡುಗಿ ಮಾತ್ರ ಸುಮ್ಮನಿರುವವಳಲ್ಲ. ಅವಳಿಗೆ ಅವಳದೇ ಸನ್ನೆಗಳಿವೆ. ಹಣೆಯ ಮೇಲೆ ದೊಡ್ಡ ವೃತ್ತ ಬರೆದರೆ ಅಜ್ಜಿ. ಅಜ್ಜಿಯ ಕುಂಕುಮ ಅಷ್ಟು ದೊಡ್ಡದು. ಎರಡೂ ಕೈಯಿಂದ ಹ್ಯಾಂಡಲ್ ತಿರುಗಿಸಿ ಒಂದು ಭುಜ ಕೆಳಗಿಳಿಸಿದರೆ ಫೈಲ್ ಸಾಹೇಬರು. ತಾಂಡಾದ ಮಕ್ಕಳೆಲ್ಲ ಅವಳ ಭಾಷೆ ಕಲಿತಿದ್ದಾರೆ, ದೊಡ್ಡವರು ಕಲಿತಿಲ್ಲ. ಅವಳ ಈ ಕಥೆ ಇಲ್ಲಿಗೆ ಮುಗಿಯಲಿಲ್ಲ, ಮುಂದೆ ಹೇಳುತ್ತೇನೆ.

ಚಿತ್ತಾಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಭೇಟಿ ಮಾಡಿದ್ದು ಒಬ್ಬ ಬರಹಗಾರ್ತಿಯನ್ನು. ಕಥೆ ಬರೆಯುವವಳಲ್ಲ, ಪರೀಕ್ಷೆ ಬರೆದುಕೊಟ್ಟವಳು. ಕಣ್ಣು ಕಾಣದ, ಇಲ್ಲವೇ ಕೈಯಿಂದ ಬರೆಯಲಾಗದ ವಿದ್ಯಾರ್ಥಿ ಉತ್ತರ ಹೇಳುತ್ತಾನೆ, ಅವನಿಗಿಂತ ಕೆಳಗಿನ ತರಗತಿಯವರೊಬ್ಬರು ಪಕ್ಕದಲ್ಲಿ ಕೂತು ಬರೆಯುತ್ತಾರೆ. ಹೇಳಿ ಬರೆಸುವುದಕ್ಕೆ ಸಮಯ ಹಿಡಿಯುತ್ತದಾದ್ದರಿಂದ ಒಂದು ತಾಸಿಗೆ ಇಪ್ಪತ್ತು ನಿಮಿಷ ಹೆಚ್ಚು ಕೊಡಬೇಕೆಂಬುದು ಕೇಂದ್ರದ ಮಾರ್ಗಸೂಚಿ. ಈ ಹುಡುಗಿ ಒಂಬತ್ತನೆಯ ತರಗತಿಯಲ್ಲಿದ್ದಾಗ ಹತ್ತನೆಯ ತರಗತಿಯ ಒಬ್ಬ ಹುಡುಗನಿಗೆ ಬರೆದಿದ್ದಳು. ಅವನಿಗೆ ಸೆರೆಬ್ರಲ್ ಪಾಲ್ಸಿ. ಬುದ್ಧಿ ಚುರುಕು, ಆದರೆ ಕೈ ಹೇಳಿದ ಮಾತು ಕೇಳುವುದಿಲ್ಲ, ನಾಲಿಗೆಯೂ ತೊಡರುತ್ತದೆ. ಅವನ ಮಾತು ತಿಳಿಯಲು ಪರೀಕ್ಷೆಗೆ ಮುಂಚೆ ಹದಿನೈದು ದಿನ ಇಬ್ಬರೂ ಸಾಲಿ ಬಿಟ್ಟ ಮೇಲೆ ಕೂತು ಅಭ್ಯಾಸ ಮಾಡಿದರಂತೆ.

“ಏನು ಕಷ್ಟ ಆಯಿತು?” ಎಂದೆ.

“ಸಮಾಜ ಪರೀಕ್ಷೆ ದಿವಸ ಸರ್. ಒಂದು ಪ್ರಶ್ನೆಗೆ ಅಣ್ಣ ತಪ್ಪು ಉತ್ತರ ಹೇಳ್ದ. ನನಗ ಸರಿ ಉತ್ತರ ಗೊತ್ತಿತ್ತು. ನಮ್ಮ ಪಾಠದಾಗೂ ಅದು ಬಂದಿತ್ತು.”

“ಏನು ಮಾಡಿದಿ?”

“ಅಣ್ಣ ಹೇಳಿದ್ದೇ ಬರದೆ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು: “ಒಂದು ಮಾರ್ಕು ಹೋಯ್ತಲ್ಲ ಅಂತ ಹೊಟ್ಟ್ಯಾಗ ಸಂಕಟ ಆಯ್ತು ಸರ್. ಆದ್ರ ನಾ ಸರಿ ಮಾಡಿ ಬರದ್ರ ಅದು ಅಣ್ಣನ ಪೇಪರ್ ಆಗಂಗಿಲ್ಲ. ಉಳಿದ ಎಲ್ಲಾ ಮಾರ್ಕೂ ಇಕಿನೇ ಬರದು ಕೊಟ್ಟಾಳ ಅಂತಾರ ಮಂದಿ.”

ನಾನು ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ. ಸಹಾಯ ಎಂದರೇನು ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ವಿದ್ಯಾರ್ಥಿ ಸಿಕ್ಕಿರಲಿಲ್ಲ. ಹುಡುಗ ಪಾಸಾದ. ಅವನು ಈಗ ಕಾಲೇಜಿಗೆ ಹೋಗುವುದು ಮೂರು ಗಾಲಿಯ ಸೈಕಲ್ಲಿನ ಮೇಲೆ, ತಮ್ಮ ತಳ್ಳುತ್ತಾನೆ. ಬರಹಗಾರ್ತಿ ಬೇಕೆಂದರೆ ಬಹಳ ಮನೆಗಳಲ್ಲಿ ‘ನಮ್ಮ ಹುಡುಗಿಯ ಓದು ಕೆಡುತ್ತದೆ’ ಎಂದು ಕಳಿಸುವುದಿಲ್ಲ. ಇದನ್ನು ಓದುತ್ತಿರುವ ಎಂಟು ಒಂಬತ್ತನೆಯ ತರಗತಿಯವರೇ, ನಿಮ್ಮ ಅಕ್ಷರ ದುಂಡಗಿದ್ದರೆ ಮುಖ್ಯೋಪಾಧ್ಯಾಯರಿಗೆ ಹೋಗಿ ಹೆಸರು ಕೊಡಿ.

ವಾಡಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1874ರಲ್ಲಿ ನಿಜಾಮರ ರೈಲುದಾರಿ ಸಿಕಂದರಾಬಾದಿನಿಂದ ಬಂದು ಇಲ್ಲಿ ದೊಡ್ಡ ದಾರಿಯನ್ನು ಕೂಡಿಕೊಂಡಿತು, ಅಂದಿನಿಂದ ವಾಡಿ ಜಂಕ್ಷನ್ನು. ಇಲ್ಲಿ ಸಿಕ್ಕ ದೃಷ್ಟಿಹೀನ ಯುವಕ ಹೈದರಾಬಾದಿಗೆ ಒಬ್ಬನೇ ಹೋಗಿ ಬರುತ್ತಾನೆ. ಫೋನು ಅವನಿಗೆ ಕನ್ನಡದಲ್ಲೇ ಓದಿ ಹೇಳುತ್ತದೆ. ರೈಲಿನಲ್ಲಿ ಅವನಿಗೂ ಜೊತೆಗಾರನಿಗೂ ಟಿಕೆಟ್ ದರದಲ್ಲಿ ರಿಯಾಯಿತಿ ಇದೆ. ಅವನಿಗೆ ಬೇಸರವಾಗುವುದು ಒಂದೇ ವಿಷಯಕ್ಕೆ: ಕೇಳದೆಯೇ ಕೈ ಹಿಡಿದು ಎಳೆಯುವವರು. “ನನ್ನ ರೈಲು ಬಂದಿರಂಗಿಲ್ಲ, ಯಾರೋ ಪುಣ್ಯಾತ್ಮರು ಹತ್ತಿಸೇ ಬಿಡ್ತಾರ ಸರ್!” ಹಾಗಾದರೆ ಏನು ಮಾಡಬೇಕು? ಮೊದಲು ಕೇಳಬೇಕು. ಬೇಕೆಂದರೆ ನಿಮ್ಮ ಮೊಳಕೈ ಮುಂದೆ ಮಾಡಬೇಕು, ಅವರು ಹಿಡಿದುಕೊಂಡು ನಿಮ್ಮ ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಮೆಟ್ಟಿಲು ಬಂದರೆ ಬಾಯಿಬಿಟ್ಟು ಹೇಳಬೇಕು, ಹತ್ತುವುದೋ ಇಳಿಯುವುದೋ ಅದನ್ನೂ ಸೇರಿಸಿ.

ಅವನು ಹಾರ್ಮೋನಿಯಂ ಕಲಿತವನು. ನಮ್ಮ ಉತ್ತರ ಕರ್ನಾಟಕದಲ್ಲಿ ಕಣ್ಣಿಲ್ಲದ ಮಗು ಎಂದರೆ ಹಿರಿಯರಿಗೆ ಮೊದಲು ನೆನಪಾಗುವುದು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳಿಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ (1914–2010) ಕಣ್ಣಿರಲಿಲ್ಲ. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಸಂಗೀತ ಕೊಟ್ಟರು. ಭಿಕ್ಷೆಯ ಬಟ್ಟಲು ಹಿಡಿಯಬೇಕಿದ್ದ ಕೈಗೆ ತಂಬೂರಿ ಬಂತು. ಅದರ ಋಣ ನಮ್ಮ ನಾಡಿನ ಮೇಲೆ ದೊಡ್ಡದು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು, ಅದೂ ದೊಡ್ಡದು. ಆದರೂ ಒಂದು ಮಾತು ಹೇಳಬೇಕು. ಸಾಧಕರ ಕಥೆ ಹೇಳಿ ಚಪ್ಪಾಳೆ ತಟ್ಟುವುದು ಸುಲಭ. ಸಂಗೀತ ಬಾರದ, ಎತ್ತರ ಜಿಗಿಯದ, ನಮ್ಮ ನಿಮ್ಮಂಥ ಸಾಧಾರಣ ಮನುಷ್ಯನಿಗೂ ಬಸ್ಸು ಹತ್ತಬೇಕಾಗುತ್ತದೆ, ಶೌಚಾಲಯಕ್ಕೆ ಹೋಗಬೇಕಾಗುತ್ತದೆ. ವಾಡಿಯ ಯುವಕ ನಗುತ್ತ ಹೇಳಿದ, “ನನಗ ಹಾಡ್ಲಾಕ ಬರಂಗಿಲ್ಲ ಸರ್. ಪೆಟಿಗಿ ಅಷ್ಟೇ, ಅದೂ ಸುಮಾರಿಗೆ. ನನಗ ಬೇಕಾಗಿದ್ದು ಬ್ಯಾಂಕ್ ಪರೀಕ್ಷೆ.”

ಸೇಡಂ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ವಿಶೇಷಚೇತನರ ಸಮನ್ವಯ ಗ್ರಾಮಸಭೆ ಇತ್ತು. ಅಂಗವಿಕಲತೆ ಇರುವವರ ಅಹವಾಲನ್ನೇ ಕೇಳಲು ಕರೆಯುವ ಸಭೆ. ಸಭೆ ಇದ್ದದ್ದು ಮೇಲಿನ ಮಹಡಿಯಲ್ಲಿ! ಕೈಯೂರಿ ತೆವಳುವ ಒಬ್ಬರು ಕೆಳಗೆ ಮೆಟ್ಟಿಲ ಬುಡದಲ್ಲಿ ಕೂತುಬಿಟ್ಟರು. ಅವರನ್ನು ಹೊತ್ತುಕೊಂಡು ಹೋಗಲು ಇಬ್ಬರು ಹುಡುಗರು ಬಂದರು. ಅವರು ಒಪ್ಪಲಿಲ್ಲ. “ನನ್ನ ಹೊತ್ತೊಯ್ದ್ರ ನಾಳಿ ಮತ್ತ ಹೊರಬೇಕು. ಸಭಾನೇ ಕೆಳಗ ತರ್ರಿ,” ಎಂದರು. ಮೇಲೆ ಸುದ್ದಿ ಹೋಯಿತು. ಸ್ವಲ್ಪ ಹೊತ್ತು ಗುಸುಗುಸು, ಒಬ್ಬಿಬ್ಬರ ಮುಖದಲ್ಲಿ ಸಿಟ್ಟು. ಕೊನೆಗೆ ಜಮಖಾನೆ, ಕುರ್ಚಿ, ರಿಜಿಸ್ಟರು ಎಲ್ಲ ಕೆಳಗೆ ಬಂದು ಬೇವಿನ ಮರದ ನೆರಳಲ್ಲಿ ಸಭೆ ಸೇರಿತು.

ಅಲ್ಲಿ ಚರ್ಚೆಯಾದದ್ದು ಹಣದ ವಿಷಯ. ಪಂಚಾಯಿತಿ ತನ್ನ ವರಮಾನದಲ್ಲಿ ಶೇ. 5ರಷ್ಟನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ಸಾಮಾನ್ಯವಾಗಿ ವರ್ಷದ ಕೊನೆಗೆ ಒಂದಿಷ್ಟು ಸಾಮಾನು ತಂದು, ಫೋಟೊ ತೆಗೆಸಿ ಹಂಚಿದರೆ ಆಯಿತು. ಒಬ್ಬ ತಾಯಿ ಎದ್ದು ನಿಂತಳು. ಆಕೆಯ ಹದಿನಾಲ್ಕು ವರ್ಷದ ಮಗನಿಗೆ ಬುದ್ಧಿ ಬೆಳವಣಿಗೆ ನಿಧಾನ. ಹೋದ ವರ್ಷ ಅವನ ಹೆಸರಿನಲ್ಲಿ ಹೊಲಿಗೆ ಯಂತ್ರ ಬಂದಿತ್ತು.

“ನನ್ನ ಮಗ ಹೊಲೀತಾನೇನ್ರಿ? ಮಿಷನ್ ಮಾರಿ ತಿಂದ್ವಿ, ಸುಳ್ಳ್ಯಾಕ ಹೇಳ್ಲಿ. ನಾ ತೊಗರಿ ಕೊಯ್ಲಾಕ ಹೋದಾಗ ಅವನ್ನ ನೋಡ್ಕೊಳ್ಳಾಕ ಒಂದು ಜಾಗ ಮಾಡಿಕೊಡ್ರಿ. ಈಗ ಅವನ ಕಾಲಿಗಿ ಹಗ್ಗ ಕಟ್ಟಿ ಹೋಗ್ತೀನಿ.”

ಸಭೆ ಸ್ತಬ್ಧವಾಯಿತು. ಆ ಹಗ್ಗದ ಮಾತು ಊರಿನವರಿಗೆ ಗೊತ್ತಿಲ್ಲದ್ದೇನಲ್ಲ. ಸಭೆಯಲ್ಲಿ ಅದನ್ನು ಯಾರೂ ಎತ್ತಿರಲಿಲ್ಲ, ಅಷ್ಟೆ. ನಮ್ಮ ಜಿಲ್ಲೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತೆಂದು ಎಲ್ಲರೂ ಸಂತೋಷಪಟ್ಟೆವು. ಆ ತೊಗರಿ ಕೊಯ್ಯುವವಳ ಮನೆಯ ಕಂಬಕ್ಕೆ ಒಂದು ಹಗ್ಗವಿದೆ. ತಾಯಿಯನ್ನು ಬೈಯುವವರು ಆಕೆಯ ಒಂದು ದಿನದ ಕೂಲಿ ಲೆಕ್ಕ ಹಾಕಲಿ. ಅಂದು ಠರಾವಾದದ್ದು ಇಷ್ಟು: ಊರಿನ ಹಳೆಯ ಅಂಗನವಾಡಿ ಕೋಣೆಯನ್ನು ದುರಸ್ತಿ ಮಾಡಿ, ಸುಗ್ಗಿಯ ದಿನಗಳಲ್ಲಿ ಇಂಥ ಮಕ್ಕಳನ್ನು ನೋಡಿಕೊಳ್ಳಲು ಸ್ತ್ರೀಶಕ್ತಿ ಸಂಘದ ಇಬ್ಬರನ್ನು ನೇಮಿಸುವುದು. ಆ ಊರಿನಲ್ಲಿ ಇಂಥ ಐದು ಮಕ್ಕಳಿದ್ದಾರೆಂದು ಲೆಕ್ಕ ಸಿಕ್ಕಿದ್ದೂ ಅಂದೇ. ಠರಾವು ಪುಸ್ತಕದಲ್ಲಿ ಇದೆ, ಸುಣ್ಣ ಬಳಿದಾಗಿದೆ, ಕದ ಇನ್ನೂ ಕೂಡಿಸಿಲ್ಲ. ಇಂಥ ಮಕ್ಕಳಿಗೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಎಂಬ ಒಂದು ಲಕ್ಷ ರೂಪಾಯಿಯ ಆರೋಗ್ಯ ವಿಮೆ ಇದೆ ಎಂಬುದು ಅಲ್ಲಿದ್ದ ಒಬ್ಬ ತಾಯಿಗೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿದ್ದವರಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗೆಯ ತೊಂದರೆ ಇಲ್ಲವೇ ಬಹುವಿಧ ಅಂಗವಿಕಲತೆ ಇರುವವರಿದ್ದರೆ ಈ ಹೆಸರನ್ನು ಬರೆದುಕೊಡಿ. ನೋಡಿಕೊಳ್ಳುವ ತಾಯಂದಿರ ಮನಸ್ಸೂ ದಣಿಯುತ್ತದೆ. ಮಾತಾಡಲು ಯಾರೂ ಇಲ್ಲವೆನಿಸಿದರೆ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ತಾಂಡಾದ ಹುಡುಗಿಯ ಕಥೆ. ಅವಳ ಅರ್ಜಿ ಮೊದಲ ಸಲ ನಿಂತದ್ದು ಒಂದು ಓಟಿಪಿಯಿಂದ. ಆಧಾರಿಗೆ ಜೋಡಿಸಿದ್ದು ಅಪ್ಪನ ಫೋನು, ಫೋನು ಪುಣೆಯಲ್ಲಿ. ಇಲ್ಲಿ ಬಟನ್ ಒತ್ತಿದರೆ ಅಲ್ಲಿ ಸಂಖ್ಯೆ ಬರುತ್ತದೆ, ಅಪ್ಪ ಹನ್ನೊಂದನೆಯ ಮಹಡಿಯ ಮೇಲೆ ಸಿಮೆಂಟು ಹೊರುತ್ತಿರುತ್ತಾನೆ, ಕೆಳಗಿಳಿದು ನೋಡುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಕೊನೆಗೆ ಫೈಲ್ ಸಾಹೇಬರು ಅವನ ಊಟದ ಹೊತ್ತು ಕೇಳಿಕೊಂಡು, ಮಧ್ಯಾಹ್ನ ಒಂದೂ ಕಾಲಿಗೆ ಬಟನ್ ಒತ್ತಿ ಕೆಲಸ ಮುಗಿಸಿದರು. ಎರಡನೆಯ ಸಲ ಕಲಬುರಗಿಗೆ ಹೋದಾಗ ಪರೀಕ್ಷೆ ಮಾಡುವವರು ರಜೆ. ಮೂರನೆಯ ಸಲ ನಾನೂ ಜೊತೆಗೆ ಹೋದೆ.

ಕಿವಿಯ ಪರೀಕ್ಷೆ ಹೇಗಿರುತ್ತದೆ ಗೊತ್ತೆ? ಸದ್ದು ಬಾರದ ಸಣ್ಣ ಕೋಣೆ, ತಲೆಗೆ ದೊಡ್ಡ ಹೆಡ್‌ಫೋನು. ಯಂತ್ರದಿಂದ ಬೇರೆ ಬೇರೆ ದನಿ ಬಿಡುತ್ತಾರೆ, ಕೇಳಿಸಿದಾಗ ಬೆರಳೆತ್ತಬೇಕು. ಹುಡುಗಿಗೆ ಸನ್ನೆಯಿಂದ ತಿಳಿಸಿದರು. ಅವಳು ತಲೆಯಾಡಿಸಿದಳು. ಶುರುವಾಯಿತು. ದನಿ ಬಿಟ್ಟಾಗಲೆಲ್ಲ ಅವಳು ಬೆರಳೆತ್ತುತ್ತಿದ್ದಾಳೆ! ಅಜ್ಜಿಯ ಕಣ್ಣಲ್ಲಿ ನೀರು, ಕೈ ತಾನಾಗಿ ಮುಗಿದುಕೊಂಡಿತು. ಪರೀಕ್ಷೆ ಮಾಡುವ ತರುಣಿ ಒಂದು ಕ್ಷಣ ಯೋಚಿಸಿ, ಕುರ್ಚಿಯನ್ನು ತಿರುಗಿಸಿ ಹುಡುಗಿಗೆ ಬೆನ್ನು ಮಾಡಿ ಕೂತಳು. ಬೆರಳು ಏಳುವುದು ನಿಂತಿತು. ಹುಡುಗಿ ಇಷ್ಟು ಹೊತ್ತು ಕೇಳುತ್ತಿರಲಿಲ್ಲ, ಗಾಜಿನಾಚೆ ಆ ತರುಣಿಯ ಭುಜ ಅಲುಗುವುದನ್ನು ನೋಡುತ್ತಿದ್ದಳು. ಎಂಟು ವರ್ಷ ಅವಳು ಬದುಕಿದ್ದೇ ಹಾಗೆ.

ಹೊರಗೆ ಬಂದ ಮೇಲೆ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಕಲಬುರಗಿಯಲ್ಲಿ ಇಂಥ ಮಕ್ಕಳಿಗೆ ಸರ್ಕಾರಿ ವಸತಿ ಸಾಲಿ ಇದೆ, ಊಟ, ಬಟ್ಟೆ, ಪಾಠ ಎಲ್ಲ ಅಲ್ಲೇ, ಸನ್ನೆ ಭಾಷೆ ಬಲ್ಲ ಗೆಳತಿಯರು ಸಿಗುತ್ತಾರೆ ಎಂದು ಫೈಲ್ ಸಾಹೇಬರು ವಿವರಿಸಿದರು. ಭಾರತೀಯ ಸನ್ನೆ ಭಾಷೆಗೆ ಹತ್ತು ಸಾವಿರ ಪದಗಳ ನಿಘಂಟೇ ಇದೆ ಎಂದು ನಾನೂ ಸೇರಿಸಿದೆ. ಅಜ್ಜಿ ಕೇಳಿದ್ದು ಬೇರೆಯದೇ: “ರಾತ್ರಿ ಅಂಜಿದ್ರ ಇಕಿ ಯಾರಿಗಿ ಕರೀಬೇಕ್ರಿ? ದನೀನೇ ಇಲ್ಲ ಇಕಿಗಿ.” ಅದಕ್ಕೆ ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ. ಮೊದಲು ಒಮ್ಮೆ ಹೋಗಿ ಸಾಲಿ ನೋಡಿಕೊಂಡು ಬರೋಣ, ಸೇರಿಸುವುದು ಆಮೇಲೆ ಎಂದು ಮಾತಾಯಿತು.

ಚಿಂಚೋಳಿ ಬಸ್ಸಿಗಾಗಿ ಕಾಯುವಾಗ ಹುಡುಗಿ ನನ್ನನ್ನು ತೋರಿಸಿ ಫೈಲ್ ಸಾಹೇಬರಿಗೆ ಒಂದು ಸನ್ನೆ ಮಾಡಿದಳು: ಎರಡು ಬೆರಳಿನಿಂದ ಗಾಳಿಯಲ್ಲಿ ಉದ್ದಕ್ಕೆ ಏನನ್ನೋ ಎಳೆದು, ಬಗ್ಗಿ ನೆಲಕ್ಕೆ ಹಚ್ಚಿ ನೋಡಿದಳು. ಟೇಪು. ಬೆಳಿಗ್ಗೆಯಿಂದ ನಾನು ಹೋದಲ್ಲೆಲ್ಲ ಇಳಿಜಾರು ಅಳೆಯುತ್ತಿದ್ದೆನಲ್ಲ, ಅದನ್ನೇ ನನ್ನ ಹೆಸರು ಮಾಡಿದ್ದಾಳೆ. ಬಸ್ಸು ಬಂತು. ಕಾರ್ಡು ಇನ್ನೂ ಬಂದಿಲ್ಲ. ವಸತಿ ಸಾಲಿ ನೋಡಲು ಬರುವ ಸೋಮವಾರ ಹೋಗುವುದೆಂದು ಗೊತ್ತಾಗಿದೆ, ಅಜ್ಜಿ ಬುತ್ತಿ ಕಟ್ಟಿಕೊಂಡು ಬರುತ್ತಾಳಂತೆ.